ಕೆಂಚನ ದೊಡ್ಡಮ್ಮ

ಆ ಪಾರ್ಕಿನಲ್ಲಿ ಮನುಷ್ಯರಿಗೆ ಸ್ವಂತ ಹೆಸರಿರಲಿಲ್ಲ. ನಾಯಿಯ ಹೆಸರೇ ಮನೆತನದ ಹೆಸರು. ನಿವೃತ್ತ ಡ್ರಿಲ್ ಮೇಷ್ಟ್ರು ಗುಂಡನ ಅಪ್ಪ, ಮೂಲೆಯ ಬೇಕರಿಯವನು ರಾಣಿಯ ಅಪ್ಪ, ದರ್ಜಿ ಹೆಂಗಸು ಕೆಂಚನ ಅಮ್ಮ. ಹೊಲಿಗೆಗೆ ಬಟ್ಟೆ ಕೊಟ್ಟವರು ಅವಳನ್ನು ‘ರೆಡಿಯಾಯ್ತಾ?’ ಎಂದಷ್ಟೇ ಮಾತಾಡಿಸುತ್ತಿದ್ದರು. ಗಂಡ ಬದುಕಿದ್ದಷ್ಟು ದಿನ ‘ಏಯ್’ ಎನ್ನುವುದರಲ್ಲೇ ಸಂಸಾರ ಮುಗಿಸಿದ್ದ. ಅವಳನ್ನು ಅಮ್ಮ ಎಂದು ಕರೆದದ್ದು ಆ ಪಾರ್ಕು ಒಂದೇ, ಅದೂ ಒಂದು ಕೆಂಪು ಬೀದಿನಾಯಿಯ ದಯೆಯಿಂದ.

ಶಾಲೆ ತೆರೆಯುವ ಮುಂಚಿನ ಯೂನಿಫಾರಂ ಹೊಲಿಗೆ ಈ ಸಲ ತಲೆಯ ಮೇಲೆ ಬಂದು ಬಿತ್ತು. ಕಾಲರು, ಜೇಬು, ಗುಂಡಿ. ಉಸಿರು ಬಿಡಲು ಪುರುಸೊತ್ತಿಲ್ಲ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ತಂಗಿ ಆಗಷ್ಟೇ ಇವಳ ಮನೆಗೆ ಬಂದು ಸೇರಿದ್ದಳು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬರುವವಳು.

“ಸ್ವಲ್ಪ ದಿನ ಕೆಂಚನ್ನ ಪಾರ್ಕಿಗೆ ಕರ್ಕೊಂಡು ಹೋಗೇ. ಈ ಗಲಾಟೆ ಮುಗೀಲಿ” ಎಂದು ನಾಯಿಯ ಪಟ್ಟಿಯನ್ನು ಅವಳ ಕೈಗೆ ಕೊಟ್ಟವಳು ದರ್ಜಿಯೇ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎನ್ನುವುದು ಆಗ ನೆನಪಾಗಲಿಲ್ಲ.

ಹೊಲಿಗೆ ಮುಗಿದು ಅವಳು ಮತ್ತೆ ಪಾರ್ಕಿಗೆ ಕಾಲಿಟ್ಟ ದಿನ ಬೇಕರಿಯವನು ದೂರದಿಂದಲೇ ಕೂಗಿದ:

“ಓಹೋ, ಇವತ್ತು ಕೆಂಚನ ದೊಡ್ಡಮ್ಮ ಬಂದ್ರಾ! ಅಮ್ಮ ಎಲ್ಲಿ?”

ಎಲ್ಲರೂ ನಕ್ಕರು. ಅವಳೂ ನಕ್ಕಳು. ಹೊಟ್ಟೆಯೊಳಗೆ ಮಾತ್ರ ಯಾರೋ ಕಾದ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತ ಹಾಗಾಯಿತು. ಅಮ್ಮನ ಅಕ್ಕ ದೊಡ್ಡಮ್ಮ. ಲೆಕ್ಕವೇನೋ ಸರಿಯೇ.

ಆಮೇಲೆ ಅವಳ ಕಣ್ಣಿಗೆ ಬೇರೇನೂ ಬೀಳಲಿಲ್ಲ. ಬೆಳಿಗ್ಗೆ ತಂಗಿಯ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳುವ ಮೊದಲೇ ಕೆಂಚ ಬಾಗಿಲಲ್ಲಿ. ತಂಗಿ ಮಲಗಿದರೆ ಅವಳ ಕೋಣೆಯ ಹೊಸ್ತಿಲಲ್ಲಿ. ದರ್ಜಿ ಮೂಳೆ ತಂದು ಹಾಕಿದಳು. ಅವನು ಅದನ್ನು ಕಚ್ಚಿಕೊಂಡು ಹೋಗಿ ತಂಗಿಯ ಬಾಗಿಲ ಮುಂದೆ ಕೂತು ತಿಂದ. ‘ಉಂಡ ಮನೆಗೆ ಎರಡು ಬಗೆಯೋ ಜಾತಿ’ ಎಂದು ಬೈದರೆ ಬಾಲ ಅಲ್ಲಾಡಿಸಿದ. ತಂಗಿ ಏನಾದರೂ ಮದ್ದು ಹಾಕಿದ್ದಾಳೆಯೇ ಎಂದರೆ ಅದೂ ಇಲ್ಲ. ಕೋಟಿನ ಜೇಬಲ್ಲಿ ನಾಲ್ಕು ಬಿಸ್ಕತ್ತು ಇಟ್ಟುಕೊಳ್ಳುತ್ತಿದ್ದಳು, ಅವನ ಜೊತೆ ನಿಜವಾಗಿ ಓಡುತ್ತಿದ್ದಳು, ಅಷ್ಟೇ. ದರ್ಜಿ ಎಂದೂ ಓಡಿರಲಿಲ್ಲ. ಅವಳ ಮಂಡಿ ಓಡುವ ಮಂಡಿಯಲ್ಲ.

ಹೋಗಲಿ ಎಂದು ಬಿಡಬಹುದಿತ್ತೇನೋ, ಬಿಲ್ಲೆಯ ದಿನ ಹತ್ತಿರ ಬಂದಿರದಿದ್ದರೆ. ಪಾರ್ಕಿನ ಹಿಂದಿನ ಹುಲ್ಲುಹಾಸಿನಲ್ಲಿ ನಾಯಿಗಳನ್ನು ಪಟ್ಟಿ ಕಳಚಿ ಬಿಡಬಹುದು. ಆದರೆ ಹಿತ್ತಾಳೆಯ ಬಿಲ್ಲೆ ಇದ್ದವರು ಮಾತ್ರ. ಒಂದು ನಾಯಿಗೆ ಒಂದೇ ಬಿಲ್ಲೆ. ವರ್ಷಕ್ಕೊಮ್ಮೆ ಪರೀಕ್ಷೆ. ಮೇಷ್ಟ್ರು ನಾಯಿಯನ್ನು ಒಂದು ತುದಿಯಲ್ಲಿ ಹಿಡಿದುಕೊಳ್ಳುತ್ತಾರೆ, ಬೇಕರಿಯವನು ನಡುದಾರಿಯಲ್ಲಿ ಬ್ರೆಡ್ಡಿನ ಚೂರು ಚೆಲ್ಲುತ್ತಾನೆ, ಯಜಮಾನರು ಇನ್ನೊಂದು ತುದಿಯಿಂದ ಕರೆಯುತ್ತಾರೆ. ಬ್ರೆಡ್ಡಿಗೆ ಬಾಯಿ ಹಾಕದೆ ಒಂದೇ ಕರೆಗೆ ಬಂದರೆ ಕರೆದವರ ಕೈಗೆ ಬಿಲ್ಲೆ. ಬರದಿದ್ದರೆ ಮನೆಯ ಬೇರೊಬ್ಬರು ನಿಲ್ಲಬಹುದು.

“ಈ ಸಲ ಸುಮ್ನೆ ತಂಗಿನ ನಿಲ್ಸಿಬಿಡಿ” ಎಂದರು ಮೇಷ್ಟ್ರು. “ನಿಮ್ ಮರ್ಯಾದೆನೂ ಉಳಿಯುತ್ತೆ, ನಮ್ ಬ್ರೆಡ್ಡೂ ಉಳಿಯುತ್ತೆ.”

“ನಾನೇ ನಿಲ್ತೀನಿ ಮೇಷ್ಟ್ರೇ. ಬ್ರೆಡ್ಡಿನ ಚಿಂತೆ ನಿಮಗ್ಯಾಕೆ, ನೀವೇನು ತಿನ್ನೋರಾ?”

ಪರೀಕ್ಷೆಯ ಹಿಂದಿನ ಸಂಜೆ ತಂಗಿ ಬಾಗಿಲ ಹಿಂದಿನ ಮೊಳೆಯನ್ನು ತಡಕಿದಳು.

“ಅಕ್ಕಾ, ನನ್ನ ಹಸಿರು ಕೋಟೆಲ್ಲಿ?”

“ನೆನೆ ಹಾಕಿದೀನಿ.”

“ಮೊನ್ನೆ ತಾನೇ ಒಗೆದಿದ್ದು!”

“ನಾಯಿ ವಾಸನೆ ಹೊಡೀತಿತ್ತು.”

ತಂಗಿ ತೆಳ್ಳನೆಯ ಯೂನಿಫಾರಂನಲ್ಲೇ ಪಾಳಿಗೆ ಹೋದಳು. ಕೋಟು ನೀರಿನಲ್ಲಿರಲಿಲ್ಲ, ಕತ್ತರಿಸಿದ ಬಟ್ಟೆಯ ರಾಶಿಯ ಅಡಿಯಲ್ಲಿತ್ತು. ದರ್ಜಿ ಅದನ್ನು ತೆಗೆದು ಮೂಸಿದಳು. ಆಸ್ಪತ್ರೆಯ ಸೋಪು, ಬಿಸ್ಕತ್ತಿನ ಪುಡಿ, ತಂಗಿಯ ಬೆವರು. ನಾಯಿಗೆ ಇದೇ ತಾನೇ ಬೇಕಾಗಿದ್ದು? ತೊಟ್ಟುಕೊಂಡಳು. ಎದೆಯ ಹತ್ತಿರ ಗುಂಡಿ ಕೂಡಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಗುಂಡಿ ಬಿಟ್ಟುಕೊಂಡೇ ಹೋಗುತ್ತಿದ್ದರು. ಇವಳು ದರ್ಜಿ. ಬಿಗಿಯಾದ ಬಟ್ಟೆಯಲ್ಲಿ ನಾಲ್ಕು ಜನರ ಮುಂದೆ ನಿಲ್ಲುವುದೆಂದರೆ ಅಂಗಡಿಯ ಬೋರ್ಡಿಗೆ ತಾನೇ ಮಸಿ ಬಳಿದ ಹಾಗೆ. ಕೋಟು ಹೊಲಿದವಳೂ ಅವಳೇ. ಒಳಗೆ ಎರಡು ಬೆರಳು ಬಟ್ಟೆ ಬಿಟ್ಟೇ ಹೊಲಿದಿದ್ದಳು. ಎರಡೂ ಪಕ್ಕದ ಹೊಲಿಗೆ ಬಿಚ್ಚಿ, ಅಗಲಿಸಿ, ಮತ್ತೆ ಮಿಷನ್ ಹಾಕಿದಳು. ಕಂಕುಳಿಂದ ಸೊಂಟದವರೆಗೆ, ಬಿಸಿಲು ಕಾಣದ ಬಟ್ಟೆಯ ಗಾಢ ಹಸಿರು ಗೆರೆಯೊಂದು ಎದ್ದು ಕಂಡಿತು. ತೋಳು ಕೆಳಗಿಟ್ಟರೆ ಕಾಣುವುದಿಲ್ಲ ಎಂದುಕೊಂಡಳು.

ಬೆಳಿಗ್ಗೆ ಪಾರ್ಕಿನಲ್ಲಿ ಬೇಕರಿಯವನು ಕಣ್ಣು ಕಿರಿದು ಮಾಡಿದ. “ಇದು ತಂಗಿ ಕೋಟಲ್ವಾ?”

“ಒಂದೇ ಬಟ್ಟೇಲಿ ಎರಡು ಹೊಲಿದಿದ್ದೆ” ಎಂದಳು, ತೋಳು ಎತ್ತದೆ.

ತಂಗಿಯ ಪಾಳಿ ಇನ್ನೂ ಬಿಟ್ಟಿರಲಿಲ್ಲ. ಗಾಳಿ ಇವಳ ಬೆನ್ನಿನಿಂದ ಕೆಂಚನ ಕಡೆಗೆ ಬೀಸುತ್ತಿತ್ತು. ಅದನ್ನು ನೋಡಿಯೇ ಆ ತುದಿ ಆರಿಸಿದ್ದಳು. ಮೇಷ್ಟ್ರು ಸೀಟಿ ಊದಿದರು.

“ಕೆಂಚಾ!”

ಅವನು ಬಂದ. ಬ್ರೆಡ್ಡನ್ನು ಕಣ್ಣೆತ್ತಿಯೂ ನೋಡದೆ, ಕಿವಿ ಹಿಂದಕ್ಕೆ ಮಾಡಿ, ಬಾಣದಂತೆ ಬಂದು ಮೂತಿಯನ್ನು ಸೀದಾ ಜೇಬಿಗೆ ತುರುಕಿದ. ಚಪ್ಪಾಳೆ ಬಿತ್ತು. ಅವಳು ತಲೆ ಸವರಲು ಬಗ್ಗಿದಳು. ಕೆಂಚ ಮುಖವೆತ್ತಿ ಅವಳನ್ನು ನೋಡಿದ. ಮತ್ತೆ ಜೇಬು ಮೂಸಿದ. ಮತ್ತೆ ಮುಖ ನೋಡಿದ. ಆಮೇಲೆ ಅವಳನ್ನು ಸುತ್ತು ಹಾಕಿ ಹಿಂದೆ ಹೋದ, ಅಲ್ಲಿ ಇನ್ಯಾರೋ ಅಡಗಿ ನಿಂತಿರುವ ಹಾಗೆ. ಯಾರೂ ಇಲ್ಲದ್ದು ಕಂಡು ಒಂದು ಸಲ ಕುಂಯ್ ಎಂದ.

“ಏನ್ ಹುಡುಕ್ತಿದಾನೆ ಇವ್ನು?” ಎಂದ ಬೇಕರಿಯವನು.

“ಏನಾದ್ರೂ ಹುಡುಕ್ಲಿ. ಒಂದೇ ಕರೆಗೆ ಬಂದ, ನಿಯಮ ಅಂದ್ರೆ ನಿಯಮ” ಎಂದು ಮೇಷ್ಟ್ರು ಬಿಲ್ಲೆಯನ್ನು ಅವಳ ಕೈಯಲ್ಲಿಟ್ಟರು. “ತಗೊಳ್ಳಿ, ಕೆಂಚನ ಅಮ್ಮ.”

ಅಷ್ಟರಲ್ಲಿ ಗೇಟಿನ ಹತ್ತಿರ ತಂಗಿ ಬಂದಳು, ಚಳಿಗೆ ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು. ಕೆಂಚ ಹಾರಿಹೋದ. ಅವನು ಈಗ ಓಡಿದ ರೀತಿ ನೋಡಿದರೆ ಮೊದಲು ಓಡಿದ್ದು ಓಟವೇ ಅಲ್ಲ. ತಂಗಿ ಅವನ ತಲೆಯನ್ನು ತೊಡೆಗೆ ಒತ್ತಿಕೊಂಡು ಅಕ್ಕನ ಕಡೆ ನೋಡಿದಳು. ಬಿಲ್ಲೆ ಹಿಡಿಯಲು ಎತ್ತಿದ್ದ ತೋಳು ಇನ್ನೂ ಕೆಳಗಿಳಿದಿರಲಿಲ್ಲ. ಗಾಢ ಹಸಿರು ಗೆರೆ ಸೊಂಟದವರೆಗೂ ಕಾಣುತ್ತಿತ್ತು.

“ಏನಮ್ಮಾ, ಅಕ್ಕ ಒಂದೇ ಬಟ್ಟೇಲಿ ಎರಡು ಹೊಲಿದ್ರಂತೆ” ಎಂದ ಬೇಕರಿಯವನು. “ನಿಂದೆಲ್ಲಿ?”

ದರ್ಜಿ ತೋಳನ್ನು ಸರಕ್ಕನೆ ಇಳಿಸಿದಳು. ತಂಗಿ ಕೆಂಚನ ಕಿವಿ ಸವರಿದಳು.

“ಹೌದು. ನಂದು ಒಗೆಯೋಕೆ ಹಾಕಿದೆ” ಎಂದಳು.

ದರ್ಜಿಗೆ ‘ಬದುಕಿದೆ’ ಎನಿಸಬೇಕಿತ್ತು. ಎನಿಸಲಿಲ್ಲ. ನಾಯಿ ತಂಗಿಯದು, ಓಟ ಅವಳದು, ಈಗ ದೊಡ್ಡತನವೂ ಅವಳದೇ. ಒಂದನ್ನಾದರೂ ತನಗೆ ಬಿಡಬಾರದಿತ್ತೇ? ಎಲ್ಲರೆದುರು ಒಂದು ಮಾತು ಬೈದಿದ್ದರೆ ತಿರುಗಿ ಎರಡು ಬೈಯಬಹುದಿತ್ತು.

ಮನೆಯ ದಾರಿಯಲ್ಲಿ ಪಟ್ಟಿ ದರ್ಜಿಯ ಕೈಯಲ್ಲಿತ್ತು, ನಾಯಿ ತಂಗಿಯ ಪಕ್ಕದಲ್ಲಿತ್ತು.

“ಕೇಳಿದ್ರೆ ಕೊಡ್ತಿರ್ಲಿಲ್ವಾ?” ಎಂದಳು ತಂಗಿ.

“ಏನು, ಕೋಟಾ?”

“ಕೋಟು, ಬಿಲ್ಲೆ, ಎಲ್ಲಾ. ನಿಂಗೆ ನಾಯಿ ಬೇಕಾ, ಆ ಜನ ಕರೆಯೋ ಹೆಸರು ಬೇಕಾ?”

“ಎರಡೂ.”

ತಂಗಿಗೆ ನಗು ಬಂತು, ತಡೆದುಕೊಂಡಳು. “ನಾನು ಆಸ್ಪತ್ರೆ ಹಾಸ್ಟೆಲಿಗೆ ಹೋಗ್ಬಿಡ್ಲಾ?”

ದರ್ಜಿ ಬೀದಿಯ ತಿರುವಿನವರೆಗೂ ಯೋಚಿಸಿದಳು. ತಂಗಿ ಹೋದರೆ ನಾಯಿ ಉಳಿಯುತ್ತದೆ. ಉಳಿದು, ಖಾಲಿ ಕೋಣೆಯ ಬಾಗಿಲು ಕಾಯುತ್ತಾ ಕೂರುತ್ತದೆ. ಇರುವವಳ ಮೇಲಾದರೆ ರೇಗಬಹುದು. ಇಲ್ಲದವಳನ್ನು ಎಲ್ಲಿಂದ ಗೆಲ್ಲುವುದು?

“ಹೋಗು ಅಂದ್ನಾ ನಾನು?” ಎಂದಳು ಕೊನೆಗೆ.

“ಇರು ಅಂತಾನೂ ಅನ್ಲಿಲ್ಲ.”

“ಬಾಯ್ಮುಚ್ಕೊಂಡು ನಡಿ. ಚಳಿ.” ಎಂದವಳು ಕೋಟು ಬಿಚ್ಚಿ ಅವಳ ಹೆಗಲ ಮೇಲೆ ಎಸೆದಳು. ಪ್ರೀತಿಯಿಂದೇನಲ್ಲ, ನಾಯಿ ಬೀದಿಯುದ್ದಕ್ಕೂ ಆ ಕೋಟನ್ನೇ ನೋಡುತ್ತಿದ್ದುದು ಸಹಿಸಲಾಗಲಿಲ್ಲ.

ತಂಗಿ ಮನೆಗೆ ಬಂದವಳೇ ಕೋಣೆಗೆ ಹೋಗಿ ಮಲಗಿದಳು. ಕೆಂಚ ಹೊಸ್ತಿಲಿಗೆ ಗದ್ದ ಊರಿ ಬಿದ್ದುಕೊಂಡ. ದರ್ಜಿ ಮುಂದಿನ ಕೋಣೆಯ ಕಿಟಕಿಯ ಪಕ್ಕ ಮಿಷನ್ನಿನ ಮುಂದೆ ಕೂತು ಕರೆದಳು. ಬಾಲ ಎರಡು ಸಲ ನೆಲ ಬಡಿಯಿತು, ನಾಯಿ ಏಳಲಿಲ್ಲ. ಇನ್ನೊಮ್ಮೆ ಕರೆದಳು. ಬಾಲವೂ ಅಲ್ಲಾಡಲಿಲ್ಲ.

ಅವಳು ಎದ್ದು ಮಿಷನ್ನಿನ ಎರಡೂ ಕಡೆ ಹಿಡಿದು ಎಳೆದಳು. ಕಬ್ಬಿಣದ ಕಾಲು ನೆಲದ ಮೇಲೆ ಕಿರ್ರೆಂದು ಗೀರು ಹಾಕುತ್ತಾ ಬಂತು. ಕಿಟಕಿ ದಾಟಿಸಿದಳು, ಅಡುಗೆಮನೆಯ ಬಾಗಿಲು ದಾಟಿಸಿದಳು. ತಂಗಿಯ ಕೋಣೆಯ ಎದುರಿನ ಕಿಟಕಿಯಿಲ್ಲದ ಇಕ್ಕಟ್ಟಿನ ಜಾಗದಲ್ಲಿ, ಕೆಂಚನ ಬೆನ್ನಿಗೆ ತನ್ನ ಪಾದ ತಾಗುವಷ್ಟು ಹತ್ತಿರ ನಿಲ್ಲಿಸಿ ಕೂತಳು.

“ಏನಕ್ಕಾ ಅದು ಸದ್ದು?” ಒಳಗಿಂದ ತಂಗಿ ಕೇಳಿದಳು.

“ಮಲ್ಕೋ ನೀನು. ಇಲ್ಲಿ ಬೆಳಕು ಚೆನ್ನಾಗಿದೆ” ಎಂದು ದರ್ಜಿ, ಆ ಕತ್ತಲಲ್ಲಿ ಸೂಜಿಯ ಕಣ್ಣು ಹುಡುಕತೊಡಗಿದಳು.