ಹೊಗೆಮೇಸ್ತ್ರಿಯ ಪೆಟ್ಟಿಗೆ ರಿಪೇರಿ

ಹಾರ್ಮೋನಿಯಂ ಪೆಟ್ಟಿಗೆಯ ತಿದಿ ಮತ್ತೊಮ್ಮೆ ಉಸ್ಸೆಂದು ಇಳಿದುಹೋಯಿತು. ಯಾವ ಕೀಯನ್ನೂ ಒತ್ತದೆ ಗಾಳಿ ತುಂಬಿ ಕೈಬಿಟ್ಟರೆ ತಿದಿ ಉಬ್ಬಿಕೊಂಡೇ ನಿಲ್ಲಬೇಕು. ಇದು ನಿಲ್ಲುತ್ತಿಲ್ಲ. ಎಲ್ಲೋ ಸೂಜಿಮೊನೆಯಷ್ಟು ತೂತಿದೆ, ಗಾಳಿ ಕಳ್ಳನ ಹಾಗೆ ಅಲ್ಲಿಂದ ಜಾರಿಕೊಳ್ಳುತ್ತಿದೆ. ಮೇಸ್ತ್ರಿ ಬೆಳಗಿನಿಂದ ಅದನ್ನೇ ಹುಡುಕುತ್ತಿದ್ದ. ಸಂಜೆ ಹಾಡಿನ ಟೀಚರ್ ಬಂದು ಪೆಟ್ಟಿಗೆ ಒಯ್ಯಬೇಕು, ನಾಳೆ ಅವರ ಶಾಲೆಯ ಮಕ್ಕಳು ಇದರ ಜೊತೆ ಹಾಡಬೇಕು.

ಮೊದಲಾಗಿದ್ದರೆ ಇದು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಕೆಲಸ. ಊರಿಗೆಲ್ಲ ಅವನು ಹೊಗೆಮೇಸ್ತ್ರಿ. ಆ ಹೆಸರು ಸುಮ್ಮನೆ ಬಂದದ್ದಲ್ಲ. ಸಿಗರೇಟು ಹಚ್ಚಿ ಬಾಯಿ ತುಂಬ ಹೊಗೆ ತುಂಬಿಕೊಳ್ಳುವುದು, ತಿದಿಯ ಗಾಳಿಕಂಡಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಒಳಕ್ಕೆ ಊದುವುದು, ಕಂಡಿ ಮುಚ್ಚಿ ಮೆಲ್ಲಗೆ ತಿದಿ ಒತ್ತುವುದು. ತೂತು ಎಲ್ಲಿದೆಯೋ ಅಲ್ಲಿಂದ ನೀಲಿ ಎಳೆಯೊಂದು ಮೇಲೇಳುತ್ತಿತ್ತು. ಅಲ್ಲೊಂದು ಸೀಮೆಸುಣ್ಣದ ಗುರುತು, ಮೇಲೊಂದು ತೊಗಲಿನ ತೇಪೆ, ಮುಗಿಯಿತು. ಈ ವಿದ್ಯೆ ಹೇಳಿಕೊಟ್ಟ ಗುರು ಮೊದಲ ದಿನವೇ ಅವನನ್ನು ಮೇಲಿಂದ ಕೆಳಗೆ ನೋಡಿ, "ಸಿಗರೇಟಿನ ಅಭ್ಯಾಸ ಇಲ್ವಾ? ಹಾಗಾದ್ರೆ ಮೊದಲು ಅದನ್ನ ಕಲ್ತು ಬಾ" ಎಂದು ವಾಪಸು ಕಳಿಸಿದ್ದ.

ಅವನು ಕಲಿತ. ಕಲಿತದ್ದಷ್ಟೇ ಅಲ್ಲ, ಗುರುವನ್ನೇ ಮೀರಿಸಿದ. ಆ ಕಾಲವೂ ಹಾಗಿತ್ತು ಅನ್ನಿ. ಸಿನಿಮಾ ಮಂದಿರದಲ್ಲಿ ನಾಯಕಿ ಅಳುವ ಹೊತ್ತಿಗೆ ಪರದೆಯ ಮುಂದೆ ಹೊಗೆ ಕವಿದು ಅವಳ ಮುಖವೇ ಕಾಣುತ್ತಿರಲಿಲ್ಲ. ಜನ ದನಿ ಕೇಳಿಕೊಂಡೇ ಅತ್ತು ಬರುತ್ತಿದ್ದರು. ಬಸ್ಸಿನ ಡ್ರೈವರು ಒಂದು ಕೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತ ಇನ್ನೊಂದರಲ್ಲಿ ಕಿಟಕಿಯಾಚೆ ಬೂದಿ ಕೊಡವುತ್ತಿದ್ದ. ಕಚೇರಿಗೆ ಹೋದರೆ ಗುಮಾಸ್ತ ಮೊದಲು ಆಶ್‌ಟ್ರೇ ಮುಂದಕ್ಕೆ ತಳ್ಳಿ ಆಮೇಲೆ ಕುರ್ಚಿ ತೋರಿಸುತ್ತಿದ್ದ. ಎದೆಗೆ ಕೊಳವೆಯಿಟ್ಟು ನೋಡಿದ ಡಾಕ್ಟರು, "ಸಿಗರೇಟು ಸ್ವಲ್ಪ ಕಡಿಮೆ ಮಾಡಪ್ಪ" ಎಂದು ಬುದ್ಧಿ ಹೇಳಿ, ಅದೇ ಉಸಿರಿನಲ್ಲಿ "ಬೆಂಕಿಪೊಟ್ಟಣ ಇದೆಯಾ?" ಎಂದು ಕೈಚಾಚಿದ್ದೂ ಉಂಟು. ಮೇಸ್ತ್ರಿಯ ಮದುವೆಯ ಫೋಟೋದಲ್ಲಿ ಅವನ ಬಲಗೈ ಬೆನ್ನ ಹಿಂದಿದೆ. ಯಾಕೆಂದು ಹೆಂಡತಿಗೆ ಮಾತ್ರ ಗೊತ್ತು. ಆವತ್ತು ಕಿಡಿ ತಗುಲಿ ಅವಳ ಹೊಸ ಬಟ್ಟೆಗೆ ತೂತು ಬಿದ್ದಿತ್ತು.

"ಬಿಡ್ರೀ ಇದನ್ನ" ಎಂದು ಅವಳು ಶುರುಮಾಡಿದರೆ ಅವನ ಉತ್ತರ ಸಿದ್ಧವಿರುತ್ತಿತ್ತು.

"ನಾನೇನು ಚಟಕ್ಕೆ ಸೇದ್ತೀನಾ? ಹೊಟ್ಟೆಪಾಡು ಕಣೇ."

"ಊಟ ಆದ್ಮೇಲೆ ಸೇದೋದು ಯಾವ ಪೆಟ್ಟಿಗೆಗೆ?"

"ಅದು ಅಭ್ಯಾಸ ತಪ್ಪಬಾರದು ಅಂತ."

ಕೊನೆಗೆ ಅವನನ್ನು ಸೋಲಿಸಿದ್ದು ಹೆಂಡತಿಯಲ್ಲ, ಕೆಮ್ಮು. ಸ್ವರ ಕೂಡಿಸುವಾಗ ಪೆಟ್ಟಿಗೆಗೆ ಕಿವಿಯಾನಿಸಿ ಉಸಿರು ಬಿಗಿಹಿಡಿದು ಕೇಳಬೇಕು. ಉಸಿರು ಹಿಡಿದರೆ ಕೆಮ್ಮು, ಬಿಟ್ಟರೆ ಎದೆಯೊಳಗೆ ಗೊರಗೊರ. "ಮೇಸ್ತ್ರಿಗಳೇ, ನಿಮ್ಮಿಬ್ಬರಲ್ಲಿ ರಿಪೇರಿಗೆ ಬಂದಿರೋದು ಯಾರು?" ಎಂದು ಹಾಡಿನ ಟೀಚರ್ ನಕ್ಕಿದ್ದರು. ಅವನೂ ನಕ್ಕ. ಅವರು ಹೋದ ಮೇಲೆ ನಗು ಬರಲಿಲ್ಲ. ಸ್ವರವೇ ಕೇಳದಿದ್ದರೆ ತನ್ನ ಹತ್ತಿರ ಇನ್ನೇನು ಉಳಿಯಿತು ಎಂದು ಹೆದರಿದ. ಪ್ಯಾಕು, ಲೈಟರು ಎರಡನ್ನೂ ಹೆಂಡತಿಯ ಕೈಗಿಟ್ಟು "ಇನ್ನು ಮುಟ್ಟಲ್ಲ" ಎಂದ. ಅವಳು ನಂಬಲಿಲ್ಲ. ಹಿಂದೆ ಎಷ್ಟೋ ಸಲ ಬಿಟ್ಟಿದ್ದ; ಬಿಡುವುದರಲ್ಲಿ ಅವನಷ್ಟು ಅನುಭವಸ್ಥ ಆ ಬೀದಿಯಲ್ಲೇ ಇರಲಿಲ್ಲ. ಈ ಸಲ ಮಾತ್ರ ಲವಂಗ ಅಗಿದು, ಉಗುರು ಕಚ್ಚಿ, ಕಂಡಕಂಡವರ ಮೇಲೆ ಹರಿಹಾಯ್ದು ಎರಡು ತಿಂಗಳು ದಾಟಿಸಿದ್ದ. ಕೆಮ್ಮು ನಿಂತಿತ್ತು. ಕಿವಿ ಮತ್ತೆ ಅವನದಾಗಿತ್ತು.

ಈಗ ನೋಡಿದರೆ ಈ ಹಾಳು ತೂತು. ಕಿವಿಯಿಟ್ಟು ಕೇಳಿದ, ಒದ್ದೆ ಬೆರಳು ಆಡಿಸಿ ನೋಡಿದ. ಕಾಗದ ಸುಡೋಣವೆಂದರೆ ಕಿಡಿ ಒಳಗೆ ಬಿದ್ದೀತೆಂಬ ಭಯ. ಊದುಬತ್ತಿ ಹಚ್ಚಿದ, ಅದರ ಹೊಗೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆಯಾಯಿತು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಕೈಲಿದ್ದ ಸ್ಕ್ರೂಡ್ರೈವರ್ ಬಿಸುಟು ಗೋಡೆಗೊರಗಿದ.

"ಒಂದೇ ಒಂದು ತಂದ್ಕೋತೀನಿ. ಸೇದಲ್ಲ, ಒಳಗೆ ಊದಿಬಿಡ್ತೀನಿ ಅಷ್ಟೇ."

"ನಿಮ್ಮ ಒಂದು ಅಂದ್ರೆ ಎಷ್ಟು ಅಂತ ನಂಗೊತ್ತಿಲ್ವಾ?" ಎಂದಳು ಹೆಂಡತಿ.

"ಹಾಗಾದ್ರೆ ಟೀಚರಿಗೆ ನೀನೇ ಹೇಳ್ಬಿಡು. ನನ್ನ ಗಂಡನ ಕೈಲಿ ಇನ್ನು ಆಗಲ್ಲ ಅಂತ. ಹೊಗೆ ಹೋಯ್ತು, ಮೇಸ್ತ್ರಿನೂ ಹೋದ."

ತಮಾಷೆಗೆ ಶುರುವಾದ ಮಾತು ಕೊನೆಗೆ ಬರುವಷ್ಟರಲ್ಲಿ ನಡುಗಿತು. ಅವಳು ಅವನ ಮುಖ ನೋಡಿದಳು. ಚಪ್ಪಲಿ ಮೆಟ್ಟಿ ಬೀದಿಗಿಳಿದಳು.

ತಿರುಗಿ ಬಂದಾಗ ಅವಳ ಕೈಲಿ ಬಿಡಿ ಸಿಗರೇಟು ಒಂದಿತ್ತು. ಅವನು ಕೈ ನೀಡಿದ. ಅವಳು ಹಿಂದಕ್ಕೆಳೆದುಕೊಂಡಳು.

"ಅಂಗಡಿಯವನು ಕೇಳ್ದ, ಮೇಸ್ತ್ರಿ ಮತ್ತೆ ಶುರು ಮಾಡಿದ್ರಾ ಅಂತ. ಇಲ್ಲಪ್ಪ, ನಂಗೆ ಅಂದೆ. ಚಿಲ್ಲರೆ ಕೊಡೋದೇ ಮರ್ತು ಬಾಯಿ ತೆರ್ಕೊಂಡು ನಿಂತ."

"ನಿಂಗಾ?"

"ಮತ್ತಿನ್ಯಾರಿಗೆ? ನೀವು ತಿದಿ ಒತ್ತಿ. ಊದೋದು ನಾನು."

ಅವನು ಇಲ್ಲ ಎನ್ನಲು ಹೋದ, ಅಷ್ಟರಲ್ಲಿ ಅವಳು ಬೆಂಕಿಕಡ್ಡಿ ಗೀರಿಯೇ ಬಿಟ್ಟಿದ್ದಳು. ಮೊದಲ ಎಳೆತಕ್ಕೇ ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಕೆಮ್ಮಿ ಕೆಮ್ಮಿ ಗೋಡೆ ಹಿಡಿದಳು. ಮೇಸ್ತ್ರಿ ಅವಳ ಬೆನ್ನು ನೀವಿದ. ನಗಬಾರದೆಂದು ತುಟಿ ಕಚ್ಚಿಕೊಂಡ.

"ಗಂಟಲಿಗೆ ಇಳಿಸ್ಬೇಡ್ವೇ. ಬಾಯಲ್ಲೇ ಇಟ್ಕೋ. ಬಿಸಿ ಕಾಫಿ ಕುಡ್ದಾಗ ನುಂಗಕ್ಕೂ ಆಗ್ದೆ ಉಗಿಯಕ್ಕೂ ಆಗ್ದೆ ಇಟ್ಕೊಂಡಿರ್ತೀಯಲ್ಲ, ಹಾಗೆ."

"ಈ ದರಿದ್ರಕ್ಕಾ ಇಷ್ಟು ವರ್ಷ ನನ್ ಜೊತೆ ಜಗಳ ಆಡಿದ್ದು?"

ಎರಡನೆಯ ಎಳೆತದ ಹೊಗೆ ಅರ್ಧ ಕೊಳವೆಯೊಳಗೆ, ಅರ್ಧ ಅವನ ಮುಖಕ್ಕೆ ಹೋಯಿತು. ಮೂರನೆಯ ಸಲ ಅವಳು ಕೆನ್ನೆಯುಬ್ಬಿಸಿ, ಕಣ್ಣರಳಿಸಿ, ಕೊಳವೆಗೆ ಬಾಯಿಟ್ಟು ಪೂರಾ ಊದಿದಳು. ಅವನು ಕಂಡಿ ಮುಚ್ಚಿ ತಿದಿ ಒತ್ತಿದ. ಇಬ್ಬರೂ ಬಗ್ಗಿ ನೋಡಿದರು. ಮೂಲೆಯ ಮಡಿಕೆಯಿಂದ, ಬೆಳಗಿನಿಂದ ಅವನ ಬೆರಳು ಹತ್ತಾರು ಸಲ ಓಡಾಡಿದ್ದ ಜಾಗದಿಂದಲೇ, ನೀಲಿ ಎಳೆ ಮೆಲ್ಲಗೆ ಎದ್ದಿತು.

"ಅಗೋ" ಎಂದಳು ಅವಳು, ಮಗುವಿನ ಹಾಗೆ.

ಅವನು ಸೀಮೆಸುಣ್ಣದಿಂದ ಗುರುತು ಹಾಕಿದ. ಆ ಎಳೆ ಅವನ ಮೂಗಿನ ಪಕ್ಕದಲ್ಲೇ ಹಾದುಹೋಯಿತು. ಮೈಯೆಲ್ಲ ಅದರ ಕಡೆ ವಾಲಿದಂತಾಯಿತು.

"ಥೂ, ಬಾಯೆಲ್ಲ ಕಹಿ. ತೊಳ್ಕೊಂಡು ಬರ್ತೀನಿ" ಎಂದು ಅವಳು ಉರಿಯುತ್ತಿದ್ದ ಸಿಗರೇಟನ್ನು ತಟ್ಟೆಯೊಂದರ ಅಂಚಿಗಿಟ್ಟು ಒಳಗೆ ಹೋದಳು. ಇನ್ನೂ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು.

ಮರೆತು ಬಿಟ್ಟುಹೋದಳೋ, ಬೇಕೆಂದೇ ಬಿಟ್ಟುಹೋದಳೋ ಅವನಿಗೆ ಗೊತ್ತಾಗಲಿಲ್ಲ. ಹಿತ್ತಲಲ್ಲಿ ಅವಳು ಬಾಯಿ ಮುಕ್ಕಳಿಸುವ ಸದ್ದು ಕೇಳುತ್ತಿತ್ತು. ಬೇಕೆನಿಸಿತು ಅವನಿಗೆ. ಹಸಿವಿಗಿಂತ ಜೋರಾಗಿ ಬೇಕೆನಿಸಿತು. ಒಂದು ಸಲ ಎಳೆದರೆ ಯಾರಿಗೆ ತಿಳಿದೀತು? ಕೋಣೆ ತುಂಬ ಅದೇ ವಾಸನೆ, ಅವನ ಅಂಗಿಗೂ ಅದೇ ವಾಸನೆ. ಹೀಗೆ ಸಾಕ್ಷಿಯೇ ಇಲ್ಲದ ಕಳ್ಳತನ ಜನ್ಮದಲ್ಲಿ ಒಂದೇ ಸಲ ಸಿಗುವುದು. ಕೈ ತಟ್ಟೆಯ ತನಕ ಹೋಯಿತು. ತಟ್ಟೆಯ ಪಕ್ಕದಲ್ಲಿ ತೊಗಲಿನ ಚೂರು ಇತ್ತು. ಅದನ್ನು ತೆಗೆದುಕೊಂಡ. ಕತ್ತರಿಸಿ, ಗೋಂದು ಹಚ್ಚಿ, ತೂತಿನ ಮೇಲಿಟ್ಟು ಎರಡೂ ಹೆಬ್ಬೆರಳಿಂದ ಒತ್ತಿ ಹಿಡಿದ. ಗೋಂದು ಕಚ್ಚುವವರೆಗೂ ಬೆರಳು ತೆಗೆಯುವ ಹಾಗಿರಲಿಲ್ಲ. ಕಣ್ಣು ಮಾತ್ರ ತಟ್ಟೆಯ ಕಡೆಗೇ ಇತ್ತು.

ಬಹಳ ಹೊತ್ತಿನ ಮೇಲೆ ಅವಳು ಬಾಯೊರೆಸಿಕೊಳ್ಳುತ್ತ ಬಂದಾಗ ಅವನು ಹೊಸ ತೇಪೆಯ ಮೇಲೆ ಬಾಗಿ ತಿದಿಗೆ ಗಾಳಿ ತುಂಬುತ್ತಿದ್ದ. ತಲೆಯೆತ್ತಲಿಲ್ಲ. ತಿದಿ ಉಬ್ಬಿ, ಉಬ್ಬಿಕೊಂಡೇ ನಿಂತಿತು. ಅವಳು ತಟ್ಟೆಯನ್ನು ನೋಡಿದಳು. ಸಿಗರೇಟು ತನ್ನಷ್ಟಕ್ಕೆ ಉರಿದು ಆರಿತ್ತು. ಅದರ ಬೂದಿ ಅರ್ಧ ಬೆರಳಿನಷ್ಟುದ್ದ, ಬೆಳ್ಳಗೆ, ಎಲ್ಲೂ ಮುರಿಯದೆ, ಇಟ್ಟ ಜಾಗದಲ್ಲೇ ಮಲಗಿತ್ತು.

ಅವಳು ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಬೂದಿ ಅಲುಗದ ಹಾಗೆ ಒಂದೊಂದೇ ಹೆಜ್ಜೆಯಿಟ್ಟು ಅಡುಗೆಮನೆಗೆ ಹೋಗಿ, ಕಿಟಕಿಯ ಗಾಳಿ ತಾಗದಂತೆ ತೊಳೆದಿಟ್ಟ ಲೋಟಗಳ ಹಿಂದೆ ಇಟ್ಟಳು.