ಸುತ್ತು ಹಾಕದ ಹಾಳೆ

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಹಾಳೆ ಆರಿಸುವ ಹೆಂಗಸರಿಗೆ ಒಂದೇ ಕಟ್ಟಳೆ: ದೋಷ ಕಂಡರೆ ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕಕ್ಕಿಡಬೇಕು. ಸುತ್ತು ಹಾಕದೆ ಹಾಳೆ ಕೆಟ್ಟಿದೆಯೆಂದರೆ ಮೇಸ್ತ್ರಿ ಗೂಳಪ್ಪ ಒಪ್ಪುತ್ತಿರಲಿಲ್ಲ. ಚಿಗಳ್ಳಿಯಿಂದ ಬಂದ ಶಂಕ್ರೆವ್ವನಿಗೆ ಈ ಕಟ್ಟಳೆ ದೇವರ ಮಾತಿಗಿಂತ ಇಷ್ಟ. ದೇವರು ಕಾರಣ ಹೇಳುವುದಿಲ್ಲ.

ಆಕೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ‘ಊಟ ಆತೇನ?’ ಎಂದು ಕೇಳಿದರೆ ಹಸಿದವರೂ ‘ಆತ್ರಿ’ ಎನ್ನುತ್ತಾರೆ. ಈಕೆ ‘ಇಲ್ಲ, ಎರಡು ರೊಟ್ಟಿ ಅದಾವು, ನಿಮಗ ಸಾಲೂದಿಲ್ಲ’ ಎನ್ನುತ್ತಿದ್ದಳು. ಇಷ್ಟು ಬಿಟ್ಟರೆ ಆಕೆಯಿಂದ ಯಾರಿಗೂ ತೊಂದರೆಯಿರಲಿಲ್ಲ.

೧೯೬೩ರ ಬೇಸಿಗೆಯಲ್ಲಿ ಧಾರವಾಡದಿಂದ ಅಡಿವೆಯ್ಯನೆಂಬ ಸಂಶೋಧಕ ಬಂದ. ಇಂಥ ಬೇರೆ ಥರದ ಮಂದಿಯ ಬಗ್ಗೆ ಪ್ರಬಂಧ ಬರೆಯುತ್ತಿದ್ದ. ಶಂಕ್ರೆವ್ವನಿಗೆ ಒಂದು ತಾಸು ಪ್ರಶ್ನೆ ಕೇಳಿ ತನ್ನ ಹಾಳೆ ತುಂಬಿದ. ಅದರ ಮೇಲೆ ‘ಕೊರತೆಗಳು’ ಎಂಬ ಒಂದೇ ತಲೆಬರಹ. ಮನುಷ್ಯರಲ್ಲಿ ಬೇರೇನಾದರೂ ಇದ್ದರೆ ಬರೆಯಲು ಜಾಗವಿರಲಿಲ್ಲ. ಗೂಳಪ್ಪ ಸಹಿ ಹಾಕಿದರೆ ಹಾಳೆ ಮ್ಯಾನೇಜರರ ಮೇಜಿಗೆ ಹೋಗುವುದು, ಶಂಕ್ರೆವ್ವ ಕೆಲಸ ಕಳೆದುಕೊಂಡು ಚಿಗಳ್ಳಿಗೆ.

ಆಕೆಗೆ ಓದು ಬರುತ್ತದೆಯೇ ಎಂದು ಅಡಿವೆಯ್ಯ ಕೇಳಿರಲಿಲ್ಲ. ‘ಭಾವನೆಗಳಿಲ್ಲ. ಮನೆಗೆ ಹೊರೆ. ಕೆಲಸಕ್ಕೆ ಅಯೋಗ್ಯ.’ ಎದುರಿಗಿದ್ದ ಹಾಳೆಯಲ್ಲಿ ಇದನ್ನು ಓದಿದ ಶಂಕ್ರೆವ್ವನಿಗೆ ಅಳು ಬಂತು. ಅಳುತ್ತಲೇ ಪೆನ್ಸಿಲು ತೆಗೆದು ಆತನ ಮುಂದಿಟ್ಟಳು.

‘ದೋಷ ಎಲ್ಲೈತಿ, ಸುತ್ತು ಹಾಕ್ರಿ.’

‘ಅದು ಹಂಗ ಕಾಣೂದಲ್ಲ, ತಂಗಿ.’

‘ಕಾಣದಿದ್ರ ಹಾಳಿ ಚಲೋ ಐತಿ.’

ಅಡಿವೆಯ್ಯ ಪಕ್ಕದಲ್ಲಿ ನಿಂತಿದ್ದ ಮೇಸ್ತ್ರಿಯ ಕಡೆ ನೋಡಿದ.

‘ನಾ ಏನ್ ಮಾಡ್ಲಿರಿ?’ ಎಂದ ಗೂಳಪ್ಪ. ‘ಸುತ್ತು ಹಾಕದ ಹಾಳಿಗೆ ನಾ ಇವತ್ತಿನ ತನಕ ಸಹಿ ಮಾಡಿಲ್ಲ.’

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಸಂಶೋಧಕರಿಗೆ ಕೆಲವೊಮ್ಮೆ ಬೇಕಾಗುತ್ತದೆ. ಅಡಿವೆಯ್ಯ ಆಕೆಯ ಒದ್ದೆ ಗಲ್ಲ ನೋಡಿದ, ತನ್ನ ಅಕ್ಷರ ನೋಡಿದ, ಮತ್ತೆ ಗಲ್ಲ ನೋಡಿದ. ನಾಚಿಕೆಯಾಯಿತು. ಪೆನ್ಸಿಲು ಎತ್ತಿಕೊಂಡು ‘ಭಾವನೆಗಳಿಲ್ಲ’ ಎಂಬುದರ ಸುತ್ತ ಗೆರೆ ಎಳೆದ.

ಶಂಕ್ರೆವ್ವ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಸುತ್ತು ಸರಿಯಾಗಿದೆಯೆಂದು ಖಾತ್ರಿ ಮಾಡಿಕೊಂಡು, ಕೆಟ್ಟ ಹಾಳೆಗಳ ಗುಡ್ಡೆಗೆ ಹಾಕಿದಳು. ಆ ಗುಡ್ಡೆಯನ್ನು ಸಂಜೆಗೆ ನೀರಲ್ಲಿ ಕರಗಿಸಿ ಮತ್ತೆ ಕಾಗದ ಮಾಡುತ್ತಿದ್ದರು.

ಹೊರಡುವಾಗ ಏನಾದರೂ ಅನ್ನಬೇಕಲ್ಲ ಎಂದು ಅಡಿವೆಯ್ಯ ಕೇಳಿದ:

‘ಊಟ ಆತೇನವಾ?’

‘ಇಲ್ಲ. ಎರಡು ರೊಟ್ಟಿ ಅದಾವು.’

ಆತನ ಮುಖ ನೋಡದೆಯೇ ಒಂದನ್ನು ಆತನ ಕೈಗಿಟ್ಟಳು.