ಇಪ್ಪತ್ತನಾಲ್ಕನೆಯವಳು

ಊರಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಲೆಕ್ಕದ ಟೀಚರ್ ಎಂದು. ಇಪ್ಪತ್ತೆರಡು ವರ್ಷ ಒಂದೇ ಶಾಲೆಯಲ್ಲಿ ಗಣಿತ ಕಲಿಸಿದವಳು. ಈ ಸಲ ಜನಗಣತಿಯ ಕೆಲಸ ಹೆಗಲಿಗೆ ಬಿದ್ದಾಗ ಸ್ಟಾಫ್ ರೂಮಿನಲ್ಲಿ ನಗೆಯೋ ನಗೆ. "ಇಷ್ಟು ದಿನ ತಲೆಗಳಿಗೆ ಲೆಕ್ಕ ತುಂಬಿದ್ರಿ, ಈಗ ತಲೆಗಳನ್ನೇ ಲೆಕ್ಕ ಹಾಕಿ" ಎಂದು ವಿಜ್ಞಾನದ ಮೇಷ್ಟ್ರು ಕಾಲೆಳೆದರು. ಅವಳೂ ನಕ್ಕಳು. ತನ್ನ ಪಾಲಿಗೆ ಬಂದ ಬೀದಿಗಳ ಪಟ್ಟಿ ನೋಡಿದ ಮೇಲೆ ಆ ನಗು ಅರ್ಧಕ್ಕೇ ನಿಂತಿತು. ಅದರಲ್ಲಿ ತವರುಮನೆಯ ಬೀದಿಯೂ ಇತ್ತು.

ಅವಳು ಹುಟ್ಟಿದಾಗ ಆ ಬೀದಿಯಲ್ಲಿದ್ದದ್ದು ಹದಿನೇಳು ಮನೆ. ಆಮೇಲೆ ಊರಿಗೆ ಮೊದಲ ಕಾಲೇಜು ಬಂತು, ಅದರ ಬೆನ್ನಿಗೆ ಎಂಜಿನಿಯರಿಂಗು, ನರ್ಸಿಂಗು, ಇನ್ನೂ ಏನೇನೋ. ಮುಕ್ಕಾಲು ಗಂಟೆ ಬಸ್ ಪ್ರಯಾಣದ ದೂರದಲ್ಲಿದ್ದ ನಗರವೂ ಸುಮ್ಮನೆ ಕೂರಲಿಲ್ಲ. ಹಬ್ಬುತ್ತಾ ಹಬ್ಬುತ್ತಾ ಊರಿನ ಹಿತ್ತಲವರೆಗೆ ಬಂದು ನಿಂತಿತು. ಅಲ್ಲಿ ದುಡಿಯುವವರೂ ಬಾಡಿಗೆ ಅಗ್ಗವೆಂದು ಇಲ್ಲಿಗೇ ಬಂದು ಮಲಗತೊಡಗಿದರು. ಒಂದಂತಸ್ತಿನ ಮನೆಗಳು ಎರಡಾದವು, ಮೂರಾದವು. ಕಳೆದ ಒಂಬತ್ತು ದಿನಗಳಲ್ಲಿ ಟೀಚರ್ ಮೆಟ್ಟಿಲಿನ ಕೆಳಗೆ ಚಾಪೆ ಹಾಸಿಕೊಂಡಿದ್ದ ಇಬ್ಬರನ್ನು ಬರೆದುಕೊಂಡಿದ್ದಳು. ಒಂದೇ ಮಂಚವನ್ನು ಹಗಲಿಗೊಬ್ಬ ರಾತ್ರಿಗೊಬ್ಬ ಎಂದು ಹಂಚಿಕೊಂಡ ಗಾರ್ಡ್ ಮತ್ತು ಅಡುಗೆಯವನನ್ನೂ ಬರೆದುಕೊಂಡಿದ್ದಳು. ಯಾವ ಮನೆಯಲ್ಲೂ ಅವಳ ಕೈ ತಡವರಿಸಿರಲಿಲ್ಲ.

ಹತ್ತನೆಯ ದಿನ ಭಾನುವಾರ. ಬೆಳಿಗ್ಗೆ ಹನ್ನೊಂದಕ್ಕೆ ಅಕ್ಕನ ಮನೆಯ ಗಂಟೆ ಒತ್ತಿದಳು. ಅಪ್ಪ ಕಟ್ಟಿಸಿದ ಮನೆ ಅದು. ಈಗ ಅಕ್ಕ ಭಾವ ಅದನ್ನು ಹುಡುಗಿಯರ ವಸತಿಯಾಗಿ ನಡೆಸುತ್ತಿದ್ದರು.

ಅಕ್ಕ ಬಾಗಿಲು ತೆಗೆದವಳೇ ನಮೂನೆಯ ಕಟ್ಟನ್ನು ನೋಡಿ, "ಓಹೋ, ಸರ್ಕಾರದೋರು ಬಂದ್ರು" ಎಂದಳು. ಮಾತಿನಲ್ಲಿ ತಮಾಷೆಯಿತ್ತು, ಮುಖದಲ್ಲಿರಲಿಲ್ಲ. "ಕೂತ್ಕೋ. ಬೇಗ ಬರ್ಕೊಂಡು ಹೊರಡು. ನಾನು, ನಿಮ್ಮ ಭಾವ. ಮೇಲೆ ಹುಡುಗೀರು ಆರು ಜನ. ಅಷ್ಟೇ."

"ಭಾವ ಎಲ್ಲಿ?"

"ಸಿಟಿಗೆ ಹೋಗಿದಾರೆ. ಸಂಜೆ ಬರ್ತಾರೆ."

ಮೇಲಿನ ಆರು ಜನರನ್ನೂ ಅಕ್ಕ ಆಗಲೇ ಕೆಳಗೆ ಕರೆಸಿ ಸೋಫಾದಲ್ಲಿ ಸಾಲಾಗಿ ಕೂರಿಸಿದ್ದಳು. ಹೆಸರು, ವಯಸ್ಸು, ಓದು, ಎಲ್ಲಕ್ಕೂ ಒಪ್ಪಿಸಿದ ಪಾಠದಂತೆ ಉತ್ತರ ಬಂತು. ಒಬ್ಬಳೂ ಟೀಚರಿನ ಮುಖ ನೋಡಲಿಲ್ಲ. ಮಕ್ಕಳು ನಕಲು ಮಾಡಿದಾಗ ಹೀಗೇ ಕೂರುತ್ತಾರೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬರೆದು ಮುಗಿಸಿ, ಕೈ ತೊಳೆಯುವ ನೆಪ ಹೇಳಿ ಹಿಂದಿನ ಓಣಿಗೆ ನಡೆದಳು.

ಆ ಓಣಿಯ ಕೊನೆಯಲ್ಲಿ ಅಪ್ಪನ ಕಾಲದ ಗೋದಾಮು. ಕಾಗದದ ರೀಮುಗಳನ್ನು ಪೇರಿಸಿಡುತ್ತಿದ್ದ ಉದ್ದನೆಯ ಕೋಣೆ. ಒಂದೇ ಬಾಗಿಲು, ಅದಕ್ಕೆ ಕಬ್ಬಿಣದ ಗ್ರಿಲ್ಲು. ಕಿಟಕಿಗಳೇ ಇಲ್ಲ, ಮೇಲೆ ಎರಡು ಗವಾಕ್ಷಿ. ಈಗ ಗ್ರಿಲ್ಲಿನ ಮುಂದೆ ದಪ್ಪನೆಯ ಪರದೆ ತೂಗುಬಿಟ್ಟಿತ್ತು. ಪಕ್ಕದ ಗೋಡೆಯಲ್ಲಿ ಕರೆಂಟಿನ ಮೀಟರು ಬುಗುರಿಯಂತೆ ತಿರುಗುತ್ತಿತ್ತು. ಮೇಲಿನ ಆರೂ ಜನ ಸೋಫಾದಲ್ಲಿದ್ದಾರೆ. ಮತ್ತೆ ಇಷ್ಟು ಕರೆಂಟು ಉರಿಸುತ್ತಿರುವವರು ಯಾರು?

ಪರದೆಯ ಹಿಂದೆ ಯಾರೋ ಸೀನಿದರು. ತಕ್ಷಣ ಇನ್ಯಾರೋ "ಶ್" ಎಂದರು.

ಟೀಚರ್ ಪರದೆ ಸರಿಸಿದಳು. ಗ್ರಿಲ್ಲಿಗೆ ಹೊರಗಿನಿಂದ ಬೀಗ. ಸರಳುಗಳ ಆಚೆ ಮಬ್ಬಿನಲ್ಲಿ ಮೂರು ಹಂತದ ಕಬ್ಬಿಣದ ಮಂಚಗಳು, ಅವುಗಳ ನಡುವೆ ಪ್ಲೈವುಡ್ಡಿನ ಅಡ್ಡಗೋಡೆಗಳು. ಮಂಚಗಳಿಂದ ಎಷ್ಟೋ ಜೊತೆ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು.

"ಪರದೆ ಬಿಡು." ಅಕ್ಕ ಬೆನ್ನ ಹಿಂದೆಯೇ ಬಂದು ನಿಂತಿದ್ದಳು. ದನಿ ತಗ್ಗಿಸಿ ಮಾತಾಡುತ್ತಿದ್ದಳು. "ಒಂದು ಗಂಟೆ ಹೊತ್ತು ಸುಮ್ನಿರಿ ಅಂದಿದೀನಿ. ನೀನು ಹೋದ್ಮೇಲೆ ತೆಗಿತೀನಿ."

"ಬೀಗ ಹಾಕಿದೀಯಲ್ಲೇ!"

"ಹೋದ ತಿಂಗಳು ನಗರಸಭೆಯೋನು ಬಂದಾಗ ಒಬ್ಳು ಎದ್ದು ಬಂದು ಅವನ ಮುಂದೇನೇ ನಿಂತ್ಲು. ಹತ್ತು ಜನಕ್ಕಿಂತ ಹೆಚ್ಚಿದ್ರೆ ಇನ್ನೊಂದು ಬಾಗಿಲು ಇರ್ಬೇಕು, ಅದಿರ್ಬೇಕು, ಇದಿರ್ಬೇಕು ಅಂತ ನೋಟೀಸು ಕೊಟ್ಟು ಹೋದ. ನಿನ್ನ ಪಟ್ಟಿ ಅವನ ಕೈಗೆ ಹೋದ್ರೆ ನನ್ನ ಕಥೆ ಮುಗೀತು."

"ಹೋಗಲ್ಲ ಅಕ್ಕಾ. ನಾನು ಬರ್ಕೊಂಡಿದ್ದನ್ನ ಯಾರಿಗೂ ಕೊಡೋ ಹಾಗಿಲ್ಲ. ಕಾನೂನೇ ಇದೆ."

"ಕಾನೂನು! ಈ ಊರಲ್ಲಿ ಯಾವನಾದ್ರೂ ಕಾನೂನು ನೋಡ್ಕೊಂಡು ಮನೆ ಕಟ್ಟಿದಾನಾ? ಕಾಲೇಜಿನೋರು ವರ್ಷಾ ವರ್ಷಾ ಸೀಟು ಏರಿಸ್ತಾರೆ, ಹಾಸ್ಟೆಲ್ಲು ಮಾತ್ರ ಕಟ್ಟಲ್ಲ. ಈ ಹುಡುಗೀರು ಎಲ್ಲಿಗೆ ಹೋಗ್ಬೇಕು? ಬೀದೀಲಿ ಮಲಗ್ಬೇಕಾ? ನಾನು ಜಾಗ ಕೊಟ್ಟಿದೀನಿ. ಆರು ಅಂತ ಬರ್ಕೊಂಡಿದೀಯಲ್ಲ, ಹಾಗೇ ಇರ್ಲಿ. ಒಡಹುಟ್ಟಿದೋಳಿಗೆ ಇಷ್ಟೂ ಮಾಡಕ್ಕಾಗಲ್ವಾ?"

"ಮೊದಲು ಬೀಗ ತೆಗಿ. ಆಮೇಲೆ ಜಗಳ ಆಡೋಣ."

ಅಕ್ಕ ಕದಲಲಿಲ್ಲ. ಆಗ ಇಬ್ಬರಿಗೂ ಒಟ್ಟಿಗೇ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಹೊಡೆಯಿತು.

ಒಳಗೆ, ಬಾಗಿಲಿಗೆ ಹತ್ತಿರದ ಅಡ್ಡಗೋಡೆಯ ಮೇಲೆ ಒಂದು ಸ್ವಿಚ್ ಬೋರ್ಡು. ಅದಕ್ಕೆ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ಲು, ಫೋನುಗಳು, ಫ್ಯಾನುಗಳು ಜೋತುಬಿದ್ದಿದ್ದವು. ಬೋರ್ಡಿನ ಹಿಂದಿನಿಂದ ಬೂದುಬಣ್ಣದ ಹೊಗೆ ಎಳೆಯಾಗಿ ಹೊರಬರುತ್ತಿತ್ತು. ಯಾರೋ ಹುಡುಗಿ "ಆಂಟೀ!" ಎಂದು ಕಿರುಚಿದಳು.

ಅದೇ ಹೊತ್ತಿಗೆ ಮುಂಬಾಗಿಲ ಗಂಟೆ ಕೇಳಿಸಿತು. ಗಣತಿಯ ಮೇಲ್ವಿಚಾರಕರು ಮಧ್ಯಾಹ್ನದೊಳಗೆ ತಪಾಸಣೆಗೆ ಬರುತ್ತೇನೆಂದು ಹೇಳಿದ್ದರು. ಸೊಂಟದ ಕೀಲಿಗೊಂಚಲಿನ ಮೇಲಿದ್ದ ಅಕ್ಕನ ಕೈ ಅಲ್ಲೇ ನಿಂತಿತು.

"ಮೇನ್ ಆಫ್ ಮಾಡಿದ್ರೆ ಸಾಕು, ತಾನೇ ಆರತ್ತೆ" ಎಂದು ಅವಳು ಮೀಟರಿನತ್ತ ಓಡಿ ಸ್ವಿಚ್ಚು ಕೆಳಗೆಳೆದಳು. ಒಳಗಿದ್ದ ಒಂದೇ ದೀಪವೂ ಹೋಯಿತು. ಆದರೆ ಬೆಂಕಿ ಆಗಲೇ ಪ್ಲೈವುಡ್ಡಿನ ಬೆನ್ನು ಹಿಡಿದಾಗಿತ್ತು. ಕತ್ತಲಲ್ಲಿ ಅದರ ಅಂಚು ಕೆಂಪಗೆ ಕಾಣಿಸಿದಾಗ ಹುಡುಗಿಯರೆಲ್ಲ ಒಮ್ಮೆಲೇ ಗ್ರಿಲ್ಲಿಗೆ ಬಂದು ಬಿದ್ದರು. ಸರಳುಗಳ ನಡುವಿನಿಂದ ಕೈಗಳು ಹೊರಬಂದವು.

"ಕೀಲಿ ಕೊಡೇ!" ಟೀಚರ್ ಜೀವಮಾನದಲ್ಲಿ ಮೊದಲ ಬಾರಿ ಅಕ್ಕನ ಮೇಲೆ ಕೂಗಾಡಿದಳು.

ಅಕ್ಕ ಗೊಂಚಲನ್ನು ಕಿತ್ತು ತೆಗೆದಳು. ಅದರಲ್ಲಿ ಮೂವತ್ತಾದರೂ ಕೀಲಿಗಳಿದ್ದವು, ಎಲ್ಲವೂ ಅಣ್ಣತಮ್ಮಂದಿರಂತೆ. ಮೊದಲನೆಯದು ಒಳಗೇ ಹೋಗಲಿಲ್ಲ. ಎರಡನೆಯದು ಹೋಗಿ ಅಲ್ಲೇ ಕಚ್ಚಿಕೊಂಡಿತು. ಒಳಗಿನಿಂದ ಒಬ್ಬಳು ಕೆಮ್ಮುತ್ತಾ, "ಕೆಂಪು ದಾರ ಕಟ್ಟಿರೋದು ಆಂಟಿ, ಕೆಂಪು ದಾರ!" ಎಂದಳು. ದಿನಾ ನೋಡುತ್ತಿದ್ದವಳು ಅವಳು. ಬೀಗ ತೆರೆದುಕೊಂಡಿತು.

ಹುಡುಗಿಯರು ಬಗ್ಗಿಕೊಂಡು, ಮೂಗಿಗೆ ಬಟ್ಟೆ ಹಿಡಿದು, ಒಬ್ಬರ ಮೇಲೊಬ್ಬರು ಬೀಳುತ್ತಾ ಹೊರಬಂದರು. ಟೀಚರ್ ಬಾಗಿಲ ಪಕ್ಕ ನಿಂತು ಪ್ರತಿಯೊಬ್ಬಳ ಬೆನ್ನ ಮೇಲೂ ಕೈಯಿಟ್ಟು ಹಿತ್ತಲಿಗೆ ದಬ್ಬಿದಳು. ಬಾಯಿ ತಾನಾಗಿಯೇ ಎಣಿಸುತ್ತಿತ್ತು. ಹತ್ತು, ಹದಿನೈದು, ಇಪ್ಪತ್ತು. ಇಪ್ಪತ್ತಮೂರಕ್ಕೆ ಸಾಲು ನಿಂತಿತು. ಸೋಫಾದಲ್ಲಿದ್ದವರೂ ಓಡಿಬಂದಿದ್ದರು. ಅವರು ತೆಗೆದ ಮುಂಬಾಗಿಲಿನಿಂದ ಒಳಗೆ ಬಂದಿದ್ದ ಮೇಲ್ವಿಚಾರಕರು ಅಗ್ನಿಶಾಮಕದವರಿಗೆ ಫೋನು ಮಾಡುತ್ತಿದ್ದರು.

"ಎಷ್ಟು ಜನ ಇದಾರೆ ಒಳಗೆ? ಒಟ್ಟು ಎಷ್ಟು?" ಟೀಚರ್ ಕೇಳಿದಳು.

"ಇಪ್ಪತ್ತು" ಎಂದಳು ಅಕ್ಕ.

"ಇಪ್ಪತ್ಮೂರು ಜನ ಆಚೆ ಬಂದಾಯ್ತಲ್ಲೇ!"

ಅಕ್ಕ ಬೆರಳು ಮಡಚಿ ಎಣಿಸಿದಳು. "ಹೋದ ವಾರ ನಿಮ್ಮ ಭಾವ ಇನ್ನಿಬ್ರನ್ನೋ ಮೂವರನ್ನೋ ಸೇರಿಸ್ಕೊಂಡ್ರು…"

ಹುಡುಗಿಯರಲ್ಲಿ ಒಬ್ಬಳು ಇಪ್ಪತ್ತೆರಡು ಎಂದಳು. ಇನ್ನೊಬ್ಬಳು, ಇಲ್ಲ, ತನ್ನ ಚಿಕ್ಕಮ್ಮನ ಮಗಳು ನಿನ್ನೆ ಬಂದಿದ್ದಾಳೆ ಎಂದಳು. ಆ ಮನೆಯಲ್ಲಿ ಎಷ್ಟು ಜನ ಮಲಗುತ್ತಾರೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಳಗೆ ಪ್ಲೈವುಡ್ಡು ಪಟಪಟ ಸಿಡಿಯುತ್ತಿತ್ತು.

ಟೀಚರ್ ತರಗತಿಯ ದನಿ ತೆಗೆದಳು. "ಗೋದಾಮಿನೋರೆಲ್ಲ ಕೇಳಿ! ನಿಮ್ಮ ನಿಮ್ಮ ಮಂಚದೋರ ಕೈ ಹಿಡ್ಕೊಳ್ಳಿ. ಮೇಲೆ, ಮಧ್ಯೆ, ಕೆಳಗೆ. ಮೂರು ಮೂರು ಜನ. ಬೇಗ!"

ಅಳುತ್ತಿದ್ದವರು ಅಳುತ್ತಲೇ ಕೈ ಹುಡುಕಿಕೊಂಡರು. ಮೂವರು, ಮೂವರು, ಮೂವರು. ಏಳು ಗುಂಪು ತುಂಬಿತು. ಬೇಲಿಯ ಹತ್ತಿರ ಇಬ್ಬರೇ ಕೈ ಹಿಡಿದು ನಿಂತಿದ್ದರು.

"ನಿಮ್ಮ ಮೂರನೇಯೋಳು?"

ಒಬ್ಬಳು ಗೋದಾಮಿನತ್ತ ಕೈ ತೋರಿಸಿದಳು. "ನರ್ಸಿಂಗೋಳು. ಕೊನೇ ಮಂಚ, ಮೇಲಿನದು. ನೈಟ್ ಡ್ಯೂಟಿ ಮುಗಿಸಿ ಬಂದು ಕಿವಿಗೆ ಹತ್ತಿ ಇಟ್ಕೊಂಡು ಮಲಗಿದ್ಲು, ಮಿಸ್…"

ಟೀಚರ್ ಬಾಗಿಲಿನತ್ತ ತಿರುಗಿದಳು. ಅಕ್ಕ ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದಳು. "ನಿಂಗೆ ದಾರಿ ಗೊತ್ತಿಲ್ಲ. ಆ ಮಂಚಗಳನ್ನ ಜೋಡಿಸಿದೋಳು ನಾನು." ಒಗೆಯಲು ನೆನೆಹಾಕಿದ್ದ ಹೊದಿಕೆಯೊಂದನ್ನು ಬಕೆಟ್ಟಿನಿಂದ ಎತ್ತಿ ತಲೆಯ ಮೇಲೆ ಹೊದ್ದು ಅವಳು ನುಗ್ಗಿಯೇಬಿಟ್ಟಳು. ಟೀಚರ್ ಆ ಹೊದಿಕೆಯ ತುದಿ ಹಿಡಿದು ಹಿಂದೆಯೇ ಹೋದಳು.

ಒಳಗೆ ಏನೂ ಕಾಣುತ್ತಿರಲಿಲ್ಲ. ಕಣ್ಣು ಉರಿದು ಮುಚ್ಚಿಕೊಂಡವು. ಅಕ್ಕ ಗೋಡೆ ತಡವುತ್ತಾ, "ಎಡಕ್ಕೆ ಬಾ, ಬಗ್ಗು, ಇಲ್ಲಿ ಟ್ರಂಕಿದೆ" ಎಂದು ಕೆಮ್ಮಿನ ನಡುವೆ ಹೇಳುತ್ತಿದ್ದಳು. ಕೊನೆಯ ಮಂಚದ ಏಣಿ ಸಿಕ್ಕಿತು. ಪಕ್ಕದ ಅಡ್ಡಗೋಡೆಗೂ ಬೆಂಕಿ ಹಬ್ಬಿ ಅದರ ಕಂಬಿ ಕಾದಿತ್ತು. ಅಕ್ಕ ಅದನ್ನು ಹಿಡಿದವಳೇ ಚೀರಿದಳು, ಆದರೆ ಕೈ ಬಿಡಲಿಲ್ಲ. ಮೇಲಿನಿಂದ ಒಂದು ದೇಹ ಭಾರವಾಗಿ ಜಾರಿ ಟೀಚರಿನ ಹೆಗಲ ಮೇಲೆ ಬಿತ್ತು. ಕಾಲೊಬ್ಬಳು, ತೋಳೊಬ್ಬಳು ಹಿಡಿದು, ಬಂದ ದಾರಿಯಲ್ಲೇ ಎಳೆದುಕೊಂಡು ಬಂದರು. ಬಾಗಿಲು ತಲುಪಿದಾಗ ಮೇಲ್ವಿಚಾರಕರು ಮೂವರನ್ನೂ ಹೊರಕ್ಕೆಳೆದುಕೊಂಡರು.

ಹಿತ್ತಲಿನ ಕಲ್ಲುಚಪ್ಪಡಿಯ ಮೇಲೆ ಹುಡುಗಿಯನ್ನು ಮಲಗಿಸಿದರು. ಉಸಿರು ಇದೆಯೋ ಇಲ್ಲವೋ ತಿಳಿಯಲಿಲ್ಲ. ಅವಳದೇ ತರಗತಿಯ ಒಬ್ಬಳು ಮುಂದೆ ಬಂದು ಎದೆ ಒತ್ತತೊಡಗಿದಳು. ಒತ್ತಿದಳು, ಊದಿದಳು, ಮತ್ತೆ ಒತ್ತಿದಳು. ಎಷ್ಟೋ ಹೊತ್ತಿನ ಮೇಲೆ ಮಲಗಿದ್ದವಳು ಕೆಮ್ಮಿ, ಕಪ್ಪನೆಯ ಉಗುಳು ಕಾರಿ, ಕಣ್ಣು ಬಿಟ್ಟಳು. ಅಕ್ಕ ಅಲ್ಲೇ ಕುಸಿದು ಕೂತಳು. ಅವಳ ಬಲಗೈ ಅಂಗೈಯ ಚರ್ಮ ಸುಲಿದುಹೋಗಿತ್ತು.

ಸಂಜೆ ಆಸ್ಪತ್ರೆಯ ವರಾಂಡದಲ್ಲಿ ಭಾವ ಟೀಚರನ್ನು ಪಕ್ಕಕ್ಕೆ ಕರೆದರು. "ನೋಡಮ್ಮ, ಅಗ್ನಿಶಾಮಕದ ಆಫೀಸರ್ ಬರ್ತಿದಾರೆ. ಬೆಂಕಿ ಬಿದ್ದಿದ್ದಕ್ಕೆ ದಂಡ ಹಾಕ್ತಾರೆ, ಹಾಕ್ಲಿ. ಬೀಗದ ಮಾತು ಮಾತ್ರ ಬರಬಾರ್ದು. ಬಂದ್ರೆ ನಿಮ್ಮಕ್ಕನ್ನ ಒಳಗೆ ಹಾಕ್ತಾರೆ. ಹುಡುಗೀರಿಗೆ ನಾನು ಹೇಳ್ಕೋತೀನಿ. ಜೀವ ಪಣಕ್ಕಿಟ್ಟು ಉಳಿಸಿದಾಳಲ್ಲ, ಅಷ್ಟು ಸಾಲ್ದಾ?"

ಟೀಚರ್ ಕೆಮ್ಮಿದಳು. ಗಂಟಲಲ್ಲಿ ಇನ್ನೂ ಹೊಗೆಯಿತ್ತು. ಭಾವ ಹೇಳಿದ್ದರಲ್ಲಿ ಸುಳ್ಳೇನಿತ್ತು? ಅಕ್ಕ ಒಳಗೆ ನುಗ್ಗದಿದ್ದರೆ ಆ ಹುಡುಗಿ ಉಳಿಯುತ್ತಿರಲಿಲ್ಲ. ಆದರೆ ಅಕ್ಕನ ಕೈ ಕೀಲಿಗೊಂಚಲಿನ ಮೇಲೆ ನಿಂತುಹೋಗಿದ್ದ ಆ ಕ್ಷಣ? ಕಣ್ಣು ಮುಚ್ಚಿದರೆ ಅದೇ ಕಾಣುತ್ತಿತ್ತು.

ಆಫೀಸರ್ ಅಕ್ಕನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಬರೆದುಕೊಂಡರು. ಕೊನೆಗೆ ಪೆನ್ನು ಎತ್ತಿ ಟೀಚರಿನ ಕಡೆ ನೋಡಿದರು. "ಮೊದಲಿಂದ ಅಲ್ಲಿದ್ದೋರು ನೀವು. ಬಾಗಿಲಿಗೆ ಬೀಗ ಇತ್ತಾ?"

ಅಕ್ಕ ಟೀಚರನ್ನೇ ನೋಡುತ್ತಿದ್ದಳು. ಕೈಗೆ ಬ್ಯಾಂಡೇಜು ಸುತ್ತಿದ್ದರು. ಹುಬ್ಬುಗಳು ಸುಟ್ಟುಹೋಗಿ ಮುಖ ಬೇರೆ ಯಾರದೋ ಎಂಬಂತಿತ್ತು.

"ಇತ್ತು" ಎಂದಳು ಟೀಚರ್. "ನಮ್ಮಕ್ಕನೇ ಹಾಕಿದ್ದು. ನಮ್ಮಕ್ಕನೇ ತೆಗೆದಿದ್ದು. ಒಳಗೆ ಮೊದಲು ಹೋದೋಳೂ ಅವಳೇ. ಮೂರನ್ನೂ ಬರ್ಕೊಳ್ಳಿ."

ಅಕ್ಕ ಗೋಡೆಯ ಕಡೆ ಮಗ್ಗುಲಾದಳು.

ಆ ರಾತ್ರಿ ಮೇಲ್ವಿಚಾರಕರು ಫೋನು ಮಾಡಿ, ಗೋದಾಮು ಸೀಲಾಗಿದೆ, ಈಗ ಅಲ್ಲಿ ಯಾರೂ ಇಲ್ಲವಲ್ಲ, ಏನು ಬರೆಯುತ್ತೀರಿ ಎಂದು ಕೇಳಿದರು. "ಇವತ್ತು ಬೆಳಿಗ್ಗೆವರೆಗೂ ಅಲ್ಲೇ ಬದುಕ್ತಿದ್ರಲ್ಲ ಸಾರ್" ಎಂದು ಹೇಳಿ ಅವಳು ಇಪ್ಪತ್ತನಾಲ್ಕೂ ಜನರನ್ನು ಬರೆಯಲು ಕೂತಳು. ಆರು ಹೆಸರು ಗೊತ್ತಿರಲಿಲ್ಲ. ಮರುದಿನ ಕಾಲೇಜಿಗೆ ಹೋಗಿ, ಆ ಹುಡುಗಿಯರನ್ನು ಹುಡುಕಿ ಕೇಳಿಕೊಂಡು ಬಂದು ಪಟ್ಟಿ ತುಂಬಿದಳು.

ಅಕ್ಕನನ್ನು ಬಂಧಿಸಲಿಲ್ಲ. ನರ್ಸಿಂಗ್ ಹುಡುಗಿಯ ಹೇಳಿಕೆ ಅವಳ ಪರವಾಗಿತ್ತು. ಕೇಸು ಮಾತ್ರ ಕೋರ್ಟಿಗೆ ಹೋಯಿತು. ಮೇಲಿನ ಮಹಡಿಯಲ್ಲಿ ಆರು ಜನಕ್ಕಷ್ಟೇ ಅನುಮತಿ ಉಳಿಯಿತು. ಭಾವ ಎದುರಾದರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ಅಕ್ಕ ಫೋನು ಎತ್ತಲಿಲ್ಲ. ನಾಲ್ಕು ತಿಂಗಳು ಹೀಗೇ ಕಳೆಯಿತು. ಅಷ್ಟರಲ್ಲಿ ಕಾಲೇಜುಗಳಲ್ಲಿ ಹೊಸ ವರ್ಷ ಶುರುವಾಗಿ ಊರಿಗೆ ಮತ್ತೆ ಜನ ಬಂದು ಸುರಿದರು.

ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಟೀಚರ್ ತೆಗೆದರೆ ಎದುರಿಗೆ ಅಕ್ಕ. ಅವಳ ಪಕ್ಕದಲ್ಲಿ ಸೂಟ್‌ಕೇಸು ಹಿಡಿದ, ಅತ್ತು ಕಣ್ಣು ಊದಿಸಿಕೊಂಡ ಹದಿನೆಂಟರ ಹುಡುಗಿ.

"ಬೆಳಿಗ್ಗೆಯಿಂದ ನಮ್ಮ ಮೆಟ್ಟಿಲ ಮೇಲೆ ಕೂತಿದಾಳೆ" ಎಂದಳು ಅಕ್ಕ, ಮುಖ ನೋಡದೆ. "ಊರೆಲ್ಲ ಸುತ್ತಿದಾಳಂತೆ, ಎಲ್ಲೂ ಜಾಗ ಇಲ್ಲ. ನನ್ನ ಕೈಲಿ ಏಳನೇಯೋಳನ್ನ ಸೇರಿಸ್ಕೊಳ್ಳೋಕಾಗಲ್ಲ. ಅದಕ್ಕೆ ಕಾರಣ ನೀನೇ. ಈಗ ನೀನೇ ಏನಾದ್ರೂ ಮಾಡು."

ಟೀಚರ್ ಬಾಗಿಲನ್ನು ಪೂರ್ತಿ ತೆರೆದಳು. ಮನೆಯಲ್ಲಿ ಹೊಲಿಗೆ ಯಂತ್ರ, ಹಳೆಯ ಉತ್ತರಪತ್ರಿಕೆಗಳ ಕಟ್ಟುಗಳು ತುಂಬಿದ ಒಂದು ಸಣ್ಣ ಕೋಣೆಯಿತ್ತು. "ಒಳಗೆ ಬನ್ನಿ" ಎಂದಳು.

ಹುಡುಗಿ ಹಿಂಜರಿಯುತ್ತಾ ಒಳಗೆ ಬಂದಳು. ಅಕ್ಕ ಹೊಸ್ತಿಲಲ್ಲೇ ನಿಂತಿದ್ದಳು. ಹೊರಟುಹೋಗುತ್ತಾಳೆ ಎಂದುಕೊಂಡಳು ಟೀಚರ್. ಅಕ್ಕ ಚಪ್ಪಲಿ ಬಿಟ್ಟು ಇಬ್ಬರನ್ನೂ ದಾಟಿ ನೇರ ಆ ಕೋಣೆಗೆ ನಡೆದಳು. ಕಟ್ಟುಗಳ ಮೇಲೆ ಕಾಲಿಟ್ಟು ಕಿಟಕಿಯ ಹತ್ತಿರ ಹೋಗಿ, ಸರಿಯಾಗಿ ಮಡಚಲಾಗದ ಬಲಗೈಯಿಂದ ಚಿಲಕ ಎಳೆದಳು. ತುಕ್ಕು ಹಿಡಿದಿತ್ತು, ಬರಲಿಲ್ಲ.

"ಎಣ್ಣೆ ತಗೊಂಡ್ಬಾ" ಎಂದಳು ತಂಗಿಗೆ. "ಇದು ತೆರೆದ ಮೇಲೇ ಇವಳು ಇಲ್ಲಿ ಮಲಗೋದು."